ಬಣ್ಣ ಕೇಳುವ ಅತ್ತೆ

ಮದರಾಸಿನ ಅರ್ಧ ಜನರ ಗುಟ್ಟು ನಮ್ಮ ಅತ್ತೆಗೆ ಗೊತ್ತು. ಅದೂ ಎಂಥ ಗುಟ್ಟು ಅಂತೀರಿ! ಗಂಡ ಹೆಂಡತಿಗೆ ಹೇಳದ, ಹೆಂಡತಿ ಹೆತ್ತ ತಾಯಿಗೆ ಹೇಳದ, ಆಸ್ಪತ್ರೆಯಲ್ಲಿ ಕೂಡ ಪುಟ್ಟ ಡಬ್ಬಿಯಲ್ಲಿ ಹಿಡಿದು ಸೆರಗಿನಡಿ ಮುಚ್ಚಿಕೊಂಡು ಹೋಗಿ ಕೊಡುವಂಥ ಗುಟ್ಟು. ತರಕಾರಿಯವನದು, ಪೋಸ್ಟ್‌ಮ್ಯಾನಿನದು, ಮಹಡಿಯ ಮೇಲಿನ ಸಂಸ್ಕೃತ ಮೇಷ್ಟರದು, ಎಲ್ಲರದೂ ಅತ್ತೆಗೆ ಗೊತ್ತಿತ್ತು. ಇನ್ನೂ ಸುತ್ತಿ ಬಳಸಿ ಹೇಳುವುದು ಬೇಡ. ನಾನು ಹೇಳುತ್ತಿರುವುದು ಮೂತ್ರದ ಬಣ್ಣದ ವಿಷಯ.

ಮೂಗು ಮುಚ್ಚಿಕೊಳ್ಳಬೇಡಿ! ನಾವೂ ಮೊದಮೊದಲು ಮುಚ್ಚಿಕೊಂಡವರೇ. ಆಮೇಲೆ ಅಭ್ಯಾಸವಾಯಿತು.

ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ಅಯ್ಯೋ ಪಾಪ ಅನ್ನಲೂಬೇಡಿ. ಇವರು ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದು, ತ್ರಿಪ್ಲಿಕೇನಿನ ನಮ್ಮ ಹಳೆಯ ಮನೆಯಲ್ಲಿ ನಮ್ಮ ಜೊತೆಗೇ ಇದ್ದರು. ಅಪ್ಪ ರೈಲ್ವೆಯವರು, ಅರ್ಧ ತಿಂಗಳು ಹಳಿಯ ಮೇಲೆಯೇ. ಅಮ್ಮ ಯಾರಿಗೂ ಎದುರಾಡದವರು. ಹಾಗಾಗಿ ಮನೆಯ ಆಡಳಿತ ಅತ್ತೆಯದು. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಅವರಿಗೆ ಫೋನ್ ಮಾಡಿ 'ನಿಮ್ಮ ಬಗ್ಗೆ ಓದಿದೆ' ಅನ್ನುತ್ತೀರಿ. ಅವರು ತಕ್ಷಣ 'ಅದಿರಲಿ, ನಿಮ್ಮ ಬಣ್ಣ ಹೇಗಿದೆ?' ಅನ್ನುತ್ತಾರೆ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಬೇರೆ ಮನೆಗಳಲ್ಲಿ 'ಊಟ ಆಯ್ತಾ' ಎಂದು ಕೇಳುವ ಹಾಗೆ ನಮ್ಮ ಮನೆಯಲ್ಲಿ 'ಬಣ್ಣ ಹೇಗಿದೆ' ಎಂದು ಕೇಳುವ ವಾಡಿಕೆ. ಬೇಸಿಗೆ ಬಂದರೆ ಮುಗಿಯಿತು. ಮೇ ತಿಂಗಳಲ್ಲಿ ಮದರಾಸಿನ ಜನ ಕತ್ತಿರಿ ಎಂದು ಕರೆಯುವ ಆ ಉರಿಬಿಸಿಲು ಶುರುವಾದ ದಿನದಿಂದ ಅತ್ತೆ ಬಚ್ಚಲಮನೆಯ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತುಬಿಡುತ್ತಿದ್ದರು. ನಾನು, ನನ್ನ ತಮ್ಮ, ಪಕ್ಕದ ಮನೆಯ ತಮಿಳು ಮಕ್ಕಳು, ಯಾರೇ ಹೊರಗೆ ಬಂದರೂ ಉತ್ತರ ಹೇಳದೆ ಮುಂದೆ ಹೋಗುವ ಹಾಗಿರಲಿಲ್ಲ. ಅದಕ್ಕೊಂದು ಭಾಷೆಯೂ ಇತ್ತು. ಎಳನೀರು ಅಂದರೆ ಪಾಸು. ನಿಂಬೆಪಾನಕ ಅಂದರೆ ಒಂದು ಚೊಂಬು ನೀರು. ಟೀ ಡಿಕಾಕ್ಷನ್ ಅಂದಿರೋ, ಮಧ್ಯಾಹ್ನದ ಆಟ ರದ್ದು! ಒದ್ದೆಬಟ್ಟೆ ಸುತ್ತಿದ ಮಣ್ಣಿನ ಮಡಕೆಯ ಪಕ್ಕದಲ್ಲೇ ಕೂರಬೇಕು. ಲಾವಂಚದ ವಾಸನೆಯ ಆ ನೀರನ್ನು ಹೊಟ್ಟೆ ಗುಳುಗುಳು ಅನ್ನುವವರೆಗೆ ಕುಡಿಯಬೇಕು.

"ಕಿಡ್ನಿ ಅಂದ್ರೆ ಏನಂದ್ಕೊಂಡಿದೀಯ? ಕಾಫಿ ಫಿಲ್ಟರ್ ಕಣೇ ಅದು," ಅನ್ನುತ್ತಿದ್ದರು. "ಪುಡಿ ಹಾಕಿ ನೀರೇ ಹಾಕದಿದ್ರೆ ಏನಾಗುತ್ತೆ? ಒಣಗಿ ಕಲ್ಲಾಗುತ್ತೆ. ಈ ಊರಿನ ಬಿಸಿಲು ನಿನ್ನ ನೀರನ್ನೆಲ್ಲ ಬೆವರು ಮಾಡಿ ಹೀರ್ಕೊಂಡ್ಬಿಟ್ರೆ ಒಳಗಿನ ಫಿಲ್ಟರಿಗೆ ಏನು ಉಳೀತು, ಹೇಳು?"

ಬಿ.ಕಾಂ. ಓದಿದ ಹೆಂಗಸಿಗೆ ಇಷ್ಟೆಲ್ಲ ವೈದ್ಯ ಎಲ್ಲಿಂದ ಬಂತು ಎಂದು ನಾವು ಕೇಳಲಿಲ್ಲ. ದೊಡ್ಡವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ನಂಬಿದ್ದ ಕಾಲ ಅದು.

ನನ್ನ ತಮ್ಮ ಮಾತ್ರ ಕಿಲಾಡಿ. ಯಾವಾಗ ಕೇಳಿದರೂ 'ಎಳನೀರು' ಅನ್ನುತ್ತಿದ್ದ. ಒಂದು ದಿನ ಅವನು ಬಚ್ಚಲಿನಿಂದ "ರಕ್ತ! ರಕ್ತ!" ಎಂದು ಕಿರುಚಿಕೊಂಡು ಹೊರಗೆ ಬಂದ. ಅತ್ತೆ ಒಳಗೆ ಹೋಗಿ ನೋಡಿ ಬಂದರು. ಅವರ ಮುಖದಲ್ಲೇ ರಕ್ತವಿರಲಿಲ್ಲ! ಅಷ್ಟು ದೊಡ್ಡ ಹುಡುಗನನ್ನು ಸೊಂಟದ ಮೇಲೆ ಎತ್ತಿಕೊಂಡು, ಸೈಕಲ್ ರಿಕ್ಷಾ ಹತ್ತಿ, 'ಬೇಗ ಬೇಗ' ಎಂದು ರಿಕ್ಷಾದವನ ಬೆನ್ನು ತಟ್ಟುತ್ತ ಡಾಕ್ಟರ ಬಳಿಗೆ ಓಡಿದರು. ಹಿಂದೆ ಚಪ್ಪಲಿಯಿಲ್ಲದೆ ನಾನು.

ಡಾಕ್ಟರು ಹುಡುಗನ ಹೊಟ್ಟೆ ಒತ್ತಿದರು, ಕಣ್ಣು ಬಿಡಿಸಿ ನೋಡಿದರು. ಆಮೇಲೆ ನಿಧಾನವಾಗಿ ನಿನ್ನೆ ಏನು ತಿಂದೆ ಎಂದು ಕೇಳಿದರು.

"ಬೀಟ್‌ರೂಟ್ ಪಲ್ಯ," ಅಂದ ನನ್ನ ತಮ್ಮ. "ಸಾಕು ಅಂದ್ರೂ ಅತ್ತೆ ಮತ್ತೆ ಮತ್ತೆ ಬಡಿಸಿದ್ರು."

ಡಾಕ್ಟರು ಕುರ್ಚಿ ಅಲುಗುವ ಹಾಗೆ ನಕ್ಕರು. ಬೇರೆ ಯಾರಾಗಿದ್ದರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎದ್ದು ಬರುತ್ತಿದ್ದರು. ಅತ್ತೆ ಎದ್ದರು, ಬಾಗಿಲವರೆಗೆ ಹೋದರು, ತಿರುಗಿ ನಿಂತರು. "ಡಾಕ್ಟ್ರೇ, ಬೆಳಗ್ಗೆಯಿಂದ ಕೂತ ಕಡೆ ಕೂತಿದೀರಿ. ಮೇಜಿನ ಮೇಲೆ ಒಂದು ಲೋಟ ನೀರು ಕಾಣಿಸ್ಲಿಲ್ಲ. ನಿಮ್ಮ ಬಣ್ಣ ಹೇಗಿದೆ?"

ಡಾಕ್ಟರ ನಗು ನಿಂತಿತು. ಮುಂದಿನ ಸಲ ನಾವು ಹೋದಾಗ ಅವರ ಮೇಜಿನ ಮೇಲೆ ಒಂದು ಹೂಜಿ ಇತ್ತು! ನಮ್ಮ ಮನೆಗೆ ಬೀಟ್‌ರೂಟ್ ಮಾತ್ರ ಅಂದಿನಿಂದ ಇಂದಿನವರೆಗೆ ಬಂದಿಲ್ಲ.

ನೀರು ಕುಡಿಯಿರಿ ಅನ್ನುವುದು ಸುಲಭ. ಕುಡಿದ ಮೇಲೆ ಹೋಗುವುದೆಲ್ಲಿಗೆ? ಗಂಡಸರಿಗೇನು, ಗೋಡೆ ಕಂಡಲ್ಲೆಲ್ಲ ಊರು ಅವರದೇ. ಅತ್ತೆ ಕೆಲಸಕ್ಕೆ ಸೇರಿದಾಗ ಅವರ ಕಚೇರಿಯಲ್ಲಿ ಹೆಂಗಸರಿಗೆ ಬೇರೆ ಬಚ್ಚಲೇ ಇರಲಿಲ್ಲವಂತೆ. ಅಲ್ಲಿನ ಹೆಂಗಸರು ಬೆಳಗ್ಗೆ ಮನೆಯಲ್ಲಿ ಕಾಫಿ ಕುಡಿದು ಬಂದರೆ ಸಂಜೆ ಮನೆಗೆ ಹೋಗುವವರೆಗೆ ನಾಲಿಗೆ ಒದ್ದೆ ಮಾಡಿಕೊಳ್ಳುತ್ತಿರಲಿಲ್ಲ. ಅತ್ತೆ ಅರ್ಜಿ ಕೊಟ್ಟರು, ಉಪಯೋಗವಾಗಲಿಲ್ಲ. ಕಡೆಗೆ ನೇರವಾಗಿ ಮ್ಯಾನೇಜರರ ಕೋಣೆಗೆ ಹೋಗಿ, ಅವರು ತಲೆಯೆತ್ತುವುದರೊಳಗೆ ತಮ್ಮ ಪ್ರಶ್ನೆ ಕೇಳಿಬಿಟ್ಟರು. ಉತ್ತರ ಏನು ಬಂತೋ ಗೊತ್ತಿಲ್ಲ. ಆದರೆ ಅತ್ತೆ ದಿನಾ ಹೋಗಿ ಕೇಳತೊಡಗಿದ ಮೇಲೆ ಹೆಂಗಸರ ಬಚ್ಚಲು ಬಂತು. ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಆ ಮನುಷ್ಯ ಅರಮನೆಯನ್ನಾದರೂ ಕಟ್ಟಿಸಿಕೊಡುತ್ತಿದ್ದರು ಎಂದು ಅಪ್ಪ ಈಗಲೂ ನಗುತ್ತಾರೆ.

ಊರಲ್ಲಿ ಓಡಾಡುವಾಗಲೂ ಅತ್ತೆಯ ತಲೆಯಲ್ಲಿ ಒಂದು ನಕ್ಷೆ ಇರುತ್ತಿತ್ತು. ಯಾವ ಲಾಡ್ಜಿನ ಹಿಂಬಾಗಿಲು ತೆಗೆದಿರುತ್ತದೆ, ಯಾವ ಮೆಸ್ಸಿನ ಮಾಮಿ ಬೇಡ ಅನ್ನುವುದಿಲ್ಲ, ಎಲ್ಲ ಗೊತ್ತು. ಸೌಕಾರ್‌ಪೇಟೆಗೆ ಹೋದರೆ ಅವರ ನಿಲ್ದಾಣ ಒಂದು ಒಡವೆ ಅಂಗಡಿ. ಒಳಗೆ ಹೋಗಿ ಮೆತ್ತೆಯ ಮೇಲೆ ಗಂಭೀರವಾಗಿ ಕೂತು, "ವಜ್ರದ ಸೆಟ್ ತೋರಿಸಿ, ಮದುವೆಗೆ," ಅನ್ನುತ್ತಿದ್ದರು. ಯಾರ ಮದುವೆ? ನನ್ನದು! ನಾನಾಗ ಫ್ರಾಕು ಹಾಕುತ್ತಿದ್ದೆ. ಸೇಠ್‌ಜಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಬಿಚ್ಚಿದ ಮೇಲೆ ಅತ್ತೆ ನೆನಪಾದವರ ಹಾಗೆ ಬಚ್ಚಲು ಎಲ್ಲಿ ಎಂದು ಕೇಳುವರು. ಹೋಗಿ ಬಂದು, ಒಂದು ಹಾರವನ್ನು ಕೈಯಲ್ಲಿ ತೂಗಿ, "ಡಿಸೈನ್ ಹಿಡಿಸ್ಲಿಲ್ಲ," ಎಂದು ಎದ್ದುಬಿಡುವರು.

ಸೇಠ್‌ಜಿಯಾದರೂ ಎಷ್ಟು ಬೇಸಿಗೆ ಮೋಸ ಹೋದಾರು? ಒಂದು ಸಲ ನಾವು ಮೆಟ್ಟಿಲು ಹತ್ತುತ್ತಿದ್ದಂತೆಯೇ ಅವರು ಎರಡೂ ಕೈ ಮುಗಿದು, "ವಾಂಗಮ್ಮಾ, ಮಹಡಿ ಮೇಲೆ, ಎಡಗಡೆ," ಅಂದರು. ಅತ್ತೆ ಹೋಗಿ ಬಂದರು. ಹೊರಗೆ ಬೀದಿಗೆ ಬಂದ ಮೇಲೆ ಅವರ ಮೂಗು ಕೆಂಪಾಗಿತ್ತು.

"ನೋಡಿದ್ಯೇನೇ? ಒಂದು ಓಲೆ ಕೂಡ ತೋರಿಸ್ಲಿಲ್ಲ! ಗಿರಾಕಿಗೆ ಕೊಡೋ ಮರ್ಯಾದೇನಾ ಇದು?"

ಕಡೆಗೆ ನಿಜವಾಗಿಯೂ ನನ್ನ ಮದುವೆಯ ಮಾತು ಬಂತು. ಗಂಡಿನ ಕಡೆಯವರು ಮೈಸೂರಿನ ತಂಪಿನಿಂದ ಬಂದವರು, ಕತ್ತಿರಿಯ ನಡುಮಧ್ಯಾಹ್ನ ನಮ್ಮ ಮನೆಯಲ್ಲಿ ಬೇಯುತ್ತ ಕೂತಿದ್ದರು. ಕರೆಂಟು ಬೇರೆ ಹೋಗಿತ್ತು. ಹುಡುಗ ಸಂಕೋಚದಿಂದ ಪಾನಕವನ್ನೂ ಮುಟ್ಟಿರಲಿಲ್ಲ, ನೀರನ್ನೂ ಮುಟ್ಟಿರಲಿಲ್ಲ. ಅತ್ತೆಯ ಕಣ್ಣು ಅವನ ಒಣಗಿದ ತುಟಿಯ ಮೇಲೆ ನೆಟ್ಟದ್ದನ್ನು ಕಂಡೆ. ಅತ್ತೇ, ಇವತ್ತೊಂದು ದಿನ ಬಿಡಿ ಎಂದು ಕಣ್ಣಲ್ಲೇ ಬೇಡಿದೆ. ಬಿಟ್ಟರೇ?

"ಅದಿರ್ಲಿ, ಬಣ್ಣ ಹೇಗೆ?" ಅಂದರು.

ಹುಡುಗನ ತಂದೆ ಸಜ್ಜನರು. ಎಣ್ಣೆಗೆಂಪು ಬಣ್ಣದ ನನ್ನ ಕಡೆ ಒಮ್ಮೆ ನೋಡಿ, "ಛೆ ಛೆ, ನಾವು ಬಣ್ಣಗಿಣ್ಣ ನೋಡೋ ಪೈಕಿ ಅಲ್ಲಮ್ಮ. ನಮಗೆ ಗುಣ ಮುಖ್ಯ," ಅಂದರು.

"ಗುಣ ಆಮೇಲೆ. ಮೊದಲು ಬಣ್ಣ. ಬಣ್ಣ ಕೆಟ್ಟ ಮೇಲೆ ಗುಣ ಇಟ್ಕೊಂಡು ಏನ್ ಮಾಡ್ತೀರಿ?"

ಹುಡುಗನ ತಾಯಿ ಸಮಾಧಾನ ಮಾಡಲು ಬಂದರು. "ಹೋಗ್ಲಿ ಬಿಡಿ, ಸ್ವಲ್ಪ ಎಣ್ಣೆಗೆಂಪು, ಅಷ್ಟೇ ತಾನೆ? ನಮ್ಮ ಕಡೆ ಅದನ್ನೂ ಲಕ್ಷಣ ಅಂತಾರೆ."

"ಎಣ್ಣೆಗೆಂಪಾ!" ಅತ್ತೆ ಕೂತಲ್ಲಿಂದ ಎದ್ದೇಬಿಟ್ಟರು. "ಲಕ್ಷಣವೇ ಸರಿ, ರೋಗದ ಲಕ್ಷಣ! ಯಾವಾಗಿನಿಂದ ಹೀಗೆ? ಉರಿ ಇದೆಯಾ?"

ಬೀದಿಯಲ್ಲಿ ತಾಟಿನಿಂಗು ಮಾರುವವನ ಕೂಗು ಮಾತ್ರ ಕೇಳುತ್ತಿತ್ತು. ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ಹುಡುಕುತ್ತಿದ್ದರು. ಮೊದಲು ಅರ್ಥವಾದದ್ದು ಹುಡುಗನಿಗೆ. ಅವನ ಕಿವಿ ಕೆಂಪಾಯಿತು, ಭುಜ ಅಲುಗಿತು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. ನಗುತ್ತಲೇ ಚೊಂಬು ಎತ್ತಿ ಗಟಗಟನೆ ಅಷ್ಟನ್ನೂ ಕುಡಿದು, ಅಂಗಿಯ ತೋಳಿನಲ್ಲಿ ಬಾಯಿ ಒರೆಸಿಕೊಂಡು, "ಸಂಜೆ ಫೋನ್ ಮಾಡಿ ಹೇಳ್ತೀನಿ ಅತ್ತೆ," ಅಂದ. ಗುಣವೂ ಬಣ್ಣವೂ ಎರಡೂ ಸರಿಯಿದೆ ಎಂದು ನಾನು ಆಗಲೇ ಒಪ್ಪಿಕೊಂಡೆ. ಫೋನನ್ನೂ ಮಾಡಿದ ಪುಣ್ಯಾತ್ಮ!

ನಿವೃತ್ತಿಯಾದ ಮೇಲೆ ಅತ್ತೆ ತಣ್ಣಗಾಗುತ್ತಾರೆ ಎಂದುಕೊಂಡಿದ್ದೆವು. ಮದುವೆಯಾದ ಮೇಲೂ ಮದರಾಸಿನಲ್ಲೇ ಉಳಿದಿದ್ದ ನಾನು ಆಗ ರಾಯಪುರಂನಲ್ಲಿ ಒಂದು ಬ್ಯಾಂಕಿನಲ್ಲಿದ್ದೆ. ನನಗೆ ಮಜ್ಜಿಗೆ ತರುವ ನೆಪದಲ್ಲಿ ಅತ್ತೆ ಬಸ್ಸು ಹತ್ತಿ ಬರುತ್ತಿದ್ದರು. ಬ್ಯಾಂಕಿನ ಎದುರಿನ ರಸ್ತೆಯಂಚಿನಲ್ಲಿ ಮೀನು ಮಾರುವ ಹೆಂಗಸರ ಸಾಲು. ನೆತ್ತಿಯ ಮೇಲೆ ಬಿಸಿಲು, ಮುಂದೆ ಐಸು. ಆ ಐಸು ಮೀನಿಗೆ, ಅವರಿಗಲ್ಲ. ಅತ್ತೆ ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಹೆಂಗಸು. ಒಂದು ದಿನ ನೋಡುತ್ತೇನೆ, ಸೆರಗಿನಿಂದ ಮೂಗು ಒತ್ತಿಹಿಡಿದುಕೊಂಡು ಒಬ್ಬ ಮೀನಮ್ಮನ ಬುಟ್ಟಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಾರೆ! ಆಕೆಗೆ ನನ್ನ ಮಜ್ಜಿಗೆ ಕೊಡಲು ನೋಡುತ್ತಿದ್ದಾರೆ.

"ತಣ್ಣಿ ಕುಡಿಯಲ್ವಾ ನೀನು? ಇಂಥ ಬಿಸಿಲಲ್ಲಿ?" ಅತ್ತೆಯ ಅರ್ಧ ತಮಿಳು, ಅರ್ಧ ಕನ್ನಡ.

"ಕುಡಿದ್ರೆ ಎಲ್ಲಿಗೆ ಹೋಗ್ಲಿ? ನಿನ್ನ ಮನೆಗಾ? ಪೋಮ್ಮಾ!" ಆಕೆ ನೊಣ ಓಡಿಸುತ್ತ ತಮಿಳಿನಲ್ಲಿ ಗದರಿದಳು. ರಾಯಪುರಂನ ತಮಿಳು, ಅದರ ಮುಂದೆ ಬಿಸಿಲೂ ತಂಪು.

ಅತ್ತೆ ಮಜ್ಜಿಗೆಯನ್ನು ಬುಟ್ಟಿಯ ಪಕ್ಕದಲ್ಲಿಟ್ಟರು. ಆಮೇಲೆ ಎದ್ದು ಆಕೆಯ ಕೈಹಿಡಿದು ರಸ್ತೆ ದಾಟಿಸಿ ನೇರ ನಮ್ಮ ಬ್ಯಾಂಕಿನೊಳಗೆ ಕರೆತಂದರು. ಹಿಂದೆ ಇನ್ನಿಬ್ಬರು ಬಂದರು. ಬ್ಯಾಂಕಿಗೆ ಬ್ಯಾಂಕೇ ಮೂಗು ಮುಚ್ಚಿಕೊಂಡಿತು. ನಮ್ಮ ಮ್ಯಾನೇಜರು ಹೊರಗೆ ಬಂದು, "ಮೇಡಂ, ಬಾತ್‌ರೂಮ್ ಪಬ್ಲಿಕ್‌ಗೆ ಅಲ್ಲ. ಅಕೌಂಟ್ ಇರೋವ್ರಿಗೆ ಮಾತ್ರ," ಅಂದರು. ನಾನು ಕೌಂಟರಿನ ಕೆಳಗೆ ಬಿದ್ದ ಪೆನ್ನು ಹುಡುಕಲು ಬಗ್ಗಿದವಳು ಏಳಲೇ ಇಲ್ಲ.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೆ ಅತ್ತೆ ಬಂದು ನಿಂತಿದ್ದರು. ಹಿಂದೆ ಮೀನಿನ ಸಾಲಿಗೆ ಸಾಲೇ ನಿಂತಿತ್ತು, ಒಬ್ಬೊಬ್ಬರ ಕೈಯಲ್ಲೂ ರೇಷನ್ ಕಾರ್ಡು. "ಇವರಿಗೆಲ್ಲ ಅಕೌಂಟ್ ತೆಗೀಬೇಕು," ಅಂದರು ಅತ್ತೆ. ಮ್ಯಾನೇಜರು ಬೇಡ ಅನ್ನುವುದು ಹೇಗೆ? ಹೊಸ ಖಾತೆ ತೆಗೆಸಿ ಎಂದು ಮೇಲಿನಿಂದ ದಿನಾ ಬೈಸಿಕೊಳ್ಳುತ್ತಿದ್ದವರು ಅವರು! ಆ ವರ್ಷ ಅವರಿಗೆ ಶಹಬ್ಬಾಸ್ ಸಿಕ್ಕಿತು, ಮೀನಮ್ಮಂದಿರಿಗೆ ಬಚ್ಚಲು ಸಿಕ್ಕಿತು. ಅತ್ತೆಗೆ ಸಿಕ್ಕಿದ್ದು ಬಾಳೆ ಎಲೆಯಲ್ಲಿ ಸುತ್ತಿದ ಒಂದು ದೊಡ್ಡ ಮೀನು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನಲಾಗದೆ ತ್ರಿಪ್ಲಿಕೇನಿನವರೆಗೆ ಬಸ್ಸಿನ ಕಿಟಕಿಯ ಹೊರಗೆ ಕೈಚಾಚಿ ಅದನ್ನು ಹಿಡಿದುಕೊಂಡು ಬಂದರು. ಕಾಗೆಗಳು ಜೊತೆಗೇ ಬಂದವು.

ಆ ದಿನಗಳೆಲ್ಲ ಹೋದವು ಈಗ. ಸಮುದ್ರದ ಗಾಳಿ ಬರುವವರೆಗೆ ಕಾದು ತಾರಸಿಗೆ ನೀರು ಚೆಲ್ಲಿ ಚಾಪೆ ಹಾಸುತ್ತಿದ್ದ ಸಂಜೆಗಳು ಹೋದವು. ಸುತ್ತ ಎದ್ದ ಕಟ್ಟಡಗಳ ನಡುವೆ ನಮ್ಮ ತಾರಸಿಗೆ ಗಾಳಿಯೇ ದಾರಿ ತಪ್ಪಿದೆ. ಅಮ್ಮ ಹೋದರು. ನನ್ನ ಮಗಳು ಅತ್ತೆಯ ಪ್ರಶ್ನೆಗೆ "ಅಯ್ಯೋ ಪಾಟಿ, ಪ್ಲೀಸ್!" ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಒಟ್ಟಿಗೇ ನಾಚುತ್ತಾಳೆ. ಮನೆಯಲ್ಲಿ ಈಗ ಅಪ್ಪ, ಅತ್ತೆ ಇಬ್ಬರೇ. ಇಬ್ಬರಿಗೂ ಕಿವಿ ಮಂದ. ದಿನವಿಡೀ ಜಗಳವಾಡುತ್ತಾರೆ, ಇಬ್ಬರಿಗೂ ಕೇಳಿಸದ ಕಾರಣ ಯಾರಿಗೂ ಬೇಜಾರಿಲ್ಲ.

ಈ ಸಲದ ಬೇಸಿಗೆಯ ವಿಷಯ ಹೇಳಬೇಕು. ಗಾಬರಿಯಾಗಬೇಡಿ, ಅತ್ತೆ ಈಗ ಚೆನ್ನಾಗಿದ್ದಾರೆ. ಮೊದಲೇ ಹೇಳಿಬಿಟ್ಟೆ.

ಒಂದು ಬೆಳಗ್ಗೆ ಅಪ್ಪ ಫೋನ್ ಮಾಡಿದರು. ಅವರ ದನಿ ಸರಿಯಿರಲಿಲ್ಲ. "ಅಕ್ಕ ಏನೇನೋ ಮಾತಾಡ್ತಿದಾಳೆ ಕಣೇ. ಬಿಂದಿಗೆ ಎಲ್ಲಿಟ್ಟೆ, ಕ್ಯೂ ಬೆಳೀತಾ ಇದೆ ಅಂತಾಳೆ. ಎದ್ದು ನಿಂತ್ರೆ ಬೀಳ್ತಾಳೆ."

ನಮ್ಮ ಮನೆಗೆ ನಲ್ಲಿ ಬಂದು ಎಷ್ಟೋ ಕಾಲವಾಗಿದೆ. ಯಾವ ಬಿಂದಿಗೆ, ಯಾವ ಕ್ಯೂ?

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ರಕ್ತದ ವರದಿ ನೋಡಿ ನಮಗೆ ಬಿಡಿಸಿ ಹೇಳಿದಳು. ವಯಸ್ಸಾದ ಮೇಲೆ ಬಾಯಾರಿಕೆಯೇ ಸರಿಯಾಗಿ ಆಗುವುದಿಲ್ಲವಂತೆ. ಒಳಗೆ ನೀರು ಬತ್ತಿದ್ದರೂ ಬೇಕು ಅನ್ನಿಸುವುದಿಲ್ಲ. ಈ ಸೆಕೆಯಲ್ಲಿ ಹಾಗೆಯೇ ದಿನಗಳು ಕಳೆದು ಮೂತ್ರಪಿಂಡ ಸೋತಿದೆ. ಅದಕ್ಕೇ ಮಾತು ತಪ್ಪುತ್ತಿದೆ. "ಬೇಗ ಕರ್ಕೊಂಡ್ ಬಂದ್ರಿ. ಡ್ರಿಪ್ ಹಾಕಿದೀವಿ, ಬಾಯಿಂದಾನೂ ಸ್ವಲ್ಪ ಸ್ವಲ್ಪ ಕುಡಿಸಿ. ಕುಡಿದ್ರೆ ಸರಿಹೋಗ್ತಾರೆ."

ಅತ್ತೆ! ನೀರು ಸಾಲದೆ! ಬೇರೆ ದಿನವಾಗಿದ್ದರೆ ನನ್ನ ತಮ್ಮನಿಗೆ ಫೋನ್ ಮಾಡಿ ಇಬ್ಬರೂ ನಗುತ್ತಿದ್ದೆವೇನೋ.

ಕಾರಿಡಾರಿನ ಬೆಂಚಿನ ಮೇಲೆ ಅಪ್ಪ ಕೈಗೆ ಕೈ ಹೆಣೆದು ಕೂತಿದ್ದರು. ಅಕ್ಕನ ಬಗ್ಗೆ ಗೇಲಿಯಿಲ್ಲದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬಿಂದಿಗೆ ಅಂದ್ಲಲ್ಲ, ಅದು ನಮ್ಮಮ್ಮನ ಬಿಂದಿಗೆ," ಅಂದರು.

ನನ್ನ ಅಜ್ಜಿಯನ್ನು ನಾನು ನೋಡಿಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹೋದವರು. ಹೇಗೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಆಗ ಬೀದಿ ಕೊನೇಲಿ ಒಂದು ಪಂಪು. ನಮ್ಮ ಬಾವಿ ನೀರು ಉಪ್ಪು. ಅಮ್ಮ ಹೊತ್ತು ತರೋಳು, ಬೇಸಿಗೇಲಿ ಅದೂ ಅರ್ಧ ಬಿಂದಿಗೆ. ಮೊದಲು ನಮ್ಮಪ್ಪನಿಗೆ, ಆಮೇಲೆ ಅಡುಗೆಗೆ, ಆಮೇಲೆ ನಮಗೆ. ಅವಳು ಕೊನೇಲಿ ಕುಡಿಯೋಳು. ಉಳಿದಿದ್ರೆ. ಒಂದು ವರ್ಷ ಅವಳ ಮುಖ, ಕೈಕಾಲು ತುಂಬ್ಕೊಂಡ್ವು. ಸಣಕಲಿ ಅಮ್ಮ ದಪ್ಪ ಆದ್ಲು ಅಂತ ನಾವು ಮಕ್ಕಳೆಲ್ಲ ಖುಷಿ ಪಟ್ವಿ. ಅದು ನೀರು ಅಂತ ಯಾರಿಗೆ ಗೊತ್ತು? ಡಾಕ್ಟರ ಹತ್ರ ಹೋಗೋ ಹೊತ್ತಿಗೆ ಎರಡು ಕಿಡ್ನೀನೂ ಹೋಗಿತ್ತು. ಅಕ್ಕ ಆಗಿನ್ನೂ ಲಂಗ ದಾವಣಿ ಹುಡುಗಿ. ನಮ್ಮನ್ನ ಸಾಕೋಕೆ ಒಲೆ ಮುಂದೆ ಅವತ್ತು ಕೂತೋಳು, ಮದುವೆ ಅಂತ ಆಮೇಲೆ ಏಳ್ಲೇ ಇಲ್ಲ."

ಒಳಗಿನಿಂದ ನರ್ಸು ಕರೆದಳು.

ಉಪ್ಪು ಸಕ್ಕರೆ ಬೆರೆಸಿದ ನೀರಿನ ಲೋಟ ಹಿಡಿದು ಅವಳು ಗೋಗರೆಯುತ್ತಿದ್ದಳು. ಅತ್ತೆ ತುಟಿ ಬಿಗಿದುಕೊಂಡು ಮುಖ ಆಚೆ ತಿರುಗಿಸಿದ್ದರು. "ನೀವು ಟ್ರೈ ಮಾಡಿ ಅಕ್ಕಾ, ನನ್ನ ಕೈಲಿ ಒಂದು ಗುಟುಕೂ ಕುಡೀತಿಲ್ಲ," ಎಂದು ತಮಿಳಿನಲ್ಲಿ ಹೇಳಿ ಲೋಟವನ್ನು ನನಗೆ ಕೊಟ್ಟಳು.

ನಾನು ಮಂಚದ ಅಂಚಿನಲ್ಲಿ ಕೂತು ಲೋಟವನ್ನು ಅವರ ಬಾಯಿಯ ಹತ್ತಿರ ಹಿಡಿದೆ. ಅತ್ತೆ ಕಣ್ಣು ತೆರೆದು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ಅಜ್ಜಿಯ ಹಾಗಿದ್ದೇನೆ ಎಂದು ಯಾರೋ ಒಮ್ಮೆ ಅಂದಿದ್ದರು. ಅವರ ಕೈ ಮೆಲ್ಲಗೆ ಮೇಲೆ ಬಂದು ಲೋಟವನ್ನು ನನ್ನ ಕಡೆಗೇ ತಳ್ಳಿತು.

"ಅಮ್ಮಾ, ಮೊದಲು ನೀನು."

ಅದು ಅತ್ತೆಯ ದನಿಯಾಗಿರಲಿಲ್ಲ. ಒಬ್ಬ ಹುಡುಗಿಯ ದನಿ.

"ನೀವು ಕುಡೀರಿ, ನಾನು ಆಮೇಲೆ ಕುಡೀತೀನಿ," ಅಂದೆ.

"ಯಾವಾಗ್ಲೂ ಹಾಗೇ ಹೇಳ್ತೀಯ," ಅಂದರು. ಮತ್ತೆ ತುಟಿ ಬಿಗಿದುಕೊಂಡರು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. ನಾನು ಲೋಟವನ್ನು ಬಾಯಿಗಿಟ್ಟು ಕುಡಿದೆ. ಬೆಳಗ್ಗೆಯಿಂದ ನನ್ನ ಗಂಟಲಿಗೂ ಏನೂ ಇಳಿದಿರಲಿಲ್ಲ ಎಂದು ಆಗ ಗೊತ್ತಾಯಿತು. ಒಂದು ಗುಟುಕು, ಇನ್ನೊಂದು ಗುಟುಕು. ನನ್ನ ಗಂಟಲು ಏಳುವುದನ್ನೂ ಇಳಿಯುವುದನ್ನೂ ಅತ್ತೆ ರೆಪ್ಪೆ ಹೊಡೆಯದೆ ನೋಡುತ್ತಿದ್ದರು. ಲೋಟ ಅರ್ಧವಾದ ಮೇಲೆ ಅವರ ಬಿಗಿದ ತುಟಿ ಸಡಿಲವಾಯಿತು. ಆಮೇಲೆ ಅವರೂ ಬಾಯಿ ತೆರೆದರು.